ಬೀಡುಬಿಟ್ಟ ಜಾಗಗಳ ಬಗ್ಗೆ ನನ್ನ ಅಭಿಪ್ರಾಯ

ನಮ್ಮ ವ್ಯಾನಿನ ಹಿಂಬಾಗಿಲು ತೆಗೆದರೆ ಇವತ್ತಿಗೂ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಉಪ್ಪಿನಕಾಯಿ ಎಣ್ಣೆ, ನುಸಿಗುಳಿಗೆ, ಕಂಬಳಿ, ಎಂದೋ ಉಕ್ಕಿ ಸ್ಟೌವಿನ ಮೇಲೆ ಸೀದುಹೋದ ಹಾಲು, ಎಲ್ಲ ಸೇರಿ ಆದ ವಾಸನೆ. ಇವತ್ತು ಬೆಳಿಗ್ಗೆ ಶಿವಮೊಗ್ಗದಲ್ಲಿ ಆಸ್ಪತ್ರೆಯ ಅಂಗಳದಲ್ಲಿ ವ್ಯಾನ್ ನಿಲ್ಲಿಸಿ, ದಿಂಬು ತೆಗೆಯಲೆಂದು ಬಾಗಿಲು ಎಳೆದಾಗ ಅದೇ ವಾಸನೆ ಬಂತು. ನನ್ನ ಹೆಂಡತಿ ವನಜ ಒಳಗೆ ಡಯಾಲಿಸಿಸ್ ಮಂಚದ ಮೇಲಿದ್ದಳು. ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಗಂಟೆ. ಅಷ್ಟು ಹೊತ್ತೂ ನಾನು ಈ ವ್ಯಾನಿನಲ್ಲೇ ಕೂತಿರುತ್ತೇನೆ. ಹನ್ನೊಂದು ವರ್ಷ ಊರೂರು ಸುತ್ತಿ ಕಂಡಕಂಡಲ್ಲಿ ಬೀಡುಬಿಟ್ಟವನಿಗೆ ಈಗ ಉಳಿದಿರುವ ಜಾಗ ಇದೊಂದೇ.

ಅಭ್ಯಾಸಬಲ ನೋಡಿ, ಈ ಅಂಗಳದ ಬಗ್ಗೆಯೂ ನನ್ನಲ್ಲಿ ಒಂದು ಅಭಿಪ್ರಾಯ ತಯಾರಿದೆ. ಹೊಂಗೆಮರದ ನೆರಳು ಹನ್ನೆರಡರ ತನಕ ಇರುತ್ತದೆ. ಕ್ಯಾಂಟೀನಿನ ಕಾಫಿ ಪರವಾಗಿಲ್ಲ, ಇಡ್ಲಿಯ ಸುದ್ದಿ ಬೇಡ. ವಾಚ್‌ಮನ್ ಮೊದಲು ಗುರ್ ಅನ್ನುತ್ತಿದ್ದ, ಈಗ ನಾನು ಬರುವ ದಿನ ಮರದ ಕೆಳಗೆ ಒಂದು ಸ್ಟೂಲಿಟ್ಟು ಜಾಗ ಹಿಡಿದಿರುತ್ತಾನೆ. ಯಾರಾದರೂ ಕೇಳಿದರೆ ಇಷ್ಟನ್ನೂ ಹೇಳಿಯೇನು. ಆದರೆ ಆಸ್ಪತ್ರೆಯಲ್ಲಿ ಬೀಡುಬಿಡುವುದು ಹೇಗೆ ಎಂದು ಯಾರು ತಾನೇ ಕೇಳುತ್ತಾರೆ?

ಭದ್ರಾವತಿಯ ಕಾರ್ಖಾನೆಯಿಂದ ನಾನು ನಿವೃತ್ತನಾದ ವರ್ಷ, ಶಾಲೆಯೊಂದು ಮಕ್ಕಳನ್ನು ತುಂಬಿಕೊಂಡು ತಿರುಗುತ್ತಿದ್ದ ಹಳೇ ವ್ಯಾನನ್ನು ಮಾರಾಟಕ್ಕಿಟ್ಟಿತ್ತು. ಹಿಂದೆಮುಂದೆ ನೋಡದೆ ಕೊಂಡುಬಿಟ್ಟೆ. ಜೀವನವಿಡೀ ಶಿಫ್ಟಿನ ಸೈರನ್ನಿಗೆ ಎದ್ದು ಶಿಫ್ಟಿನ ಸೈರನ್ನಿಗೆ ಮಲಗಿದವನು, ಇನ್ನು ಮೇಲೆ ದಿನಕ್ಕೊಂದು ಊರಲ್ಲಿ ಕಣ್ಣು ಬಿಡಬೇಕೆಂಬ ಹುಚ್ಚು. ನ್ಯೂ ಟೌನಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಪೆರುಮಾಳ್, ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ವೆಲ್ಡರ್, ಸೀಟುಗಳನ್ನೆಲ್ಲ ಕಿತ್ತು ಎರಡು ಮಂಚ ಕೂರಿಸಿದ, ಸ್ಟೌ ಇಡಲು ಒಂದು ಕಟ್ಟೆ ಮಾಡಿದ. ಆಮೇಲೆ ಹಿಂದಿನ ಮೂಲೆಯಲ್ಲಿ ನಿಂತು ಕೈಯಿಂದ ಅಳತೆ ಹಾಕಿದ.

"ಸಾರ್, ಇಲ್ಲೊಂದು ಮೂರಡಿ ಬಿಡಿ ಸಾರ್. ತಗಡು ಹೊಡೆದು ಚಿಕ್ಕದಾಗಿ ಒಂದು ಬಾತ್‌ರೂಮ್ ಮಾಡಿಕೊಡ್ತೀನಿ. ಅಮ್ಮಾವ್ರಿಗೆ ಬೇಕಾಗುತ್ತೆ."

"ಸುಮ್ನಿರೋ ಮಾರಾಯ. ಈ ಕಡೆ ಅನ್ನ ಬೇಯಿಸೋದು, ಆ ಕಡೆ ಅದು! ದೇವರ ಫೋಟೋ ಬೇರೆ ಇರುತ್ತೆ."

ಪೆರುಮಾಳ್ ವನಜಳ ಕಡೆ ತಿರುಗಿದ. "ನೀವು ಹೇಳಿಯಮ್ಮ."

"ಅವರು ಹೇಳಿದ ಹಾಗೇ ಮಾಡಪ್ಪ," ಅಂದಳು ಅವಳು. ಆ ಮೂರಡಿಯಲ್ಲಿ ನನ್ನ ಎರಡು ಮಡಚುವ ಕುರ್ಚಿಗಳು ಬಂದು ಕೂತವು.

ಹೀಗೆ ಶುರುವಾಯಿತು ನಮ್ಮ ಸಂಚಾರ. ಕರಾವಳಿ, ಬಯಲುಸೀಮೆ, ಗಡಿ ದಾಟಿ ಆಚೆಗೂ ಹೋದೆವು. ನೋಡಿದ ಊರಿಗಿಂತ ವ್ಯಾನ್ ನಿಲ್ಲಿಸಿದ ಜಾಗದ ಮೇಲೆಯೇ ನನಗೆ ಹೆಚ್ಚು ಅಭಿಮಾನ. ಎಲ್ಲಿ ನಿಂತರೆ ಸುಖ ಎಂಬ ವಿಷಯದಲ್ಲಿ ನಾನೊಬ್ಬ ಪಂಡಿತನೇ ಆಗಿಬಿಟ್ಟೆ. ಬೆಳಿಗ್ಗೆ ವಾಕಿಂಗ್ ಬರುವವರನ್ನು ಪಾರ್ಕಿನ ಬೆಂಚಿನ ಮೇಲೆ ಕೂರಿಸಿಕೊಂಡು ಕೊರೆಯುತ್ತಿದ್ದೆ. ಕೇಳಿ, ನಿಮಗೂ ಸ್ವಲ್ಪ ಕೊರೆಯುತ್ತೇನೆ.

ದೇವಸ್ಥಾನದ ಅಂಗಳ ಭದ್ರ, ಕಳ್ಳಕಾಕರ ಭಯವಿಲ್ಲ. ಆದರೆ ನಸುಕಿಗೇ ಮೈಕಿನಲ್ಲಿ ಸುಪ್ರಭಾತ ಹಾಕಿ ಎಬ್ಬಿಸುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಲಾರಿ ಡ್ರೈವರುಗಳ ಸಹವಾಸ ಸಿಗುತ್ತದೆ, ಅವರಿಗೆ ಗೊತ್ತಿಲ್ಲದ ರಸ್ತೆಯಿಲ್ಲ. ಸರ್ಕಾರಿ ಶಾಲೆಯ ಮೈದಾನ ರಜೆಯಲ್ಲಿ ಸ್ವರ್ಗ, ಊರಿನ ದನಗಳು ಬಂದು ಟೈರಿಗೆ ಮೈ ಉಜ್ಜುವುದೊಂದು ಬಿಟ್ಟರೆ. ಈಚೆಗೆ ಕ್ಯಾಂಪಿಂಗ್ ಎಂದು ಬೋರ್ಡು ಹಾಕಿಕೊಂಡ ಜಾಗಗಳು ಬಂದಿವೆ. ಅಲ್ಲಿ ಬೆಂಕಿ ಹಾಕಿ, ಗಿಟಾರು ಬಾರಿಸಿ, ನೆಲದ ಮೇಲೆ ಮಲಗಿಸಿ ಕಾಸು ಇಸಿದುಕೊಳ್ಳುತ್ತಾರೆ. ನಮ್ಮಜ್ಜ ಜೀವನಪೂರ್ತಿ ನೆಲದ ಮೇಲೆ ಮಲಗಿದ, ಅವನಿಗೆ ಯಾರೂ ರಸೀದಿ ಕೊಡಲಿಲ್ಲ. ಎಲ್ಲಕ್ಕಿಂತ ಮೇಲು ಎಂದರೆ ಕೆರೆ ಏರಿ. ಊರಿನಿಂದ ದೂರ, ಜನರ ಗಲಾಟೆಯಿಲ್ಲ, ರಾತ್ರಿಯೆಲ್ಲ ಗಾಳಿ. ಕೆರೆ ಏರಿಗೆ ನಾನು ಕಣ್ಣು ಮುಚ್ಚಿ ಮೊದಲ ಸ್ಥಾನ ಕೊಡುತ್ತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಯಾರು ಏನಂದರೂ ಬಿಡುತ್ತಿರಲಿಲ್ಲ.

ಈ ಉಪನ್ಯಾಸದ ಕೊನೆಗೆ ವನಜಳ ಹೊಗಳಿಕೆ ತಪ್ಪದೆ ಬರುತ್ತಿತ್ತು. "ಪ್ರಯಾಣಕ್ಕೆ ಅಂದ್ರೆ ನಮ್ಮ ವನಜಾನೇ ಸರಿ ಕಣ್ರೀ. ಬೆಳಿಗ್ಗೆ ತುಂಬಿಸಿದ ನೀರಿನ ಬಾಟ್ಲಿ ಸಂಜೆ ತನಕ ಹಾಗೇ ಇರುತ್ತೆ. ಒಂದು ದಿನಕ್ಕಾದ್ರೂ ನಿಲ್ಸಿ ಅಂದೋಳಲ್ಲ." ಬೆಂಚಿನವರು ತಲೆದೂಗುತ್ತಿದ್ದರು. ನಮ್ಮನೆಯವಳೂ ಇದ್ದಾಳೆ, ಮೈಲಿಗೊಂದು ಸಲ ಇಳೀಬೇಕು ಅಂತಾಳೆ ಎಂದು ಒಬ್ಬರು ಗೊಣಗುತ್ತಿದ್ದರು. ನಾನು ಬೀಗುತ್ತಿದ್ದೆ.

ನನಗೇನು, ಬೇಕೆನಿಸಿದಾಗ ವ್ಯಾನ್ ಪಕ್ಕಕ್ಕೆ ಹಾಕಿ, ಒಂದು ಮರ ಹುಡುಕಿದರೆ ಮುಗಿಯಿತು. ಅವಳು ಬೆಳಕು ಹರಿಯುವ ಮುಂಚೆ ಎದ್ದು ಚೊಂಬು, ಟಾರ್ಚು ಹಿಡಿದು ಕೆರೆ ಏರಿಯಿಂದ ಇಳಿದು ಹೋಗುತ್ತಿದ್ದಳು. ಮತ್ತೆ ಹೋಗುತ್ತಿದ್ದದ್ದು ಕತ್ತಲಾದ ಮೇಲೆ. ಬೆಳಿಗ್ಗೆ ವಾಪಸ್ ಬಂದು ನನ್ನ ಕುರ್ಚಿಯ ಪಕ್ಕ ಶಾಲು ಹೊದ್ದು ಕೂತಾಗ, ಸೂರ್ಯೋದಯ ನೋಡುವ ಆಸೆಗೆ ಇಷ್ಟು ಬೇಗ ಏಳುತ್ತಾಳೆ ಎಂದುಕೊಂಡಿದ್ದೆ. ಹಾಗೆಂದು ಪಾರ್ಕಿನಲ್ಲಿ ಹೇಳಿಯೂ ಇದ್ದೆ. ಥೂ, ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಪ್ರತಿ ಪ್ರಯಾಣ ಮುಗಿಸಿ ಬಂದ ಮೇಲೂ ಅವಳಿಗೆ ಜ್ವರ, ಚಳಿ, ಕೆಳಹೊಟ್ಟೆ ನೋವು, ಉರಿಮೂತ್ರ. "ಉಷ್ಣ ಆಗಿದೆ," ಅಂದುಕೊಂಡೆವು. ನಮ್ಮಲ್ಲಿ ಉಷ್ಣದ ಮೇಲೆ ಹೊರಿಸಲಾಗದ ಕಾಯಿಲೆ ಯಾವುದಿದೆ ಹೇಳಿ? ಬಾರ್ಲಿ ನೀರು, ಎಳನೀರು, ನೆತ್ತಿಗೆ ಹರಳೆಣ್ಣೆ. ಮೆಡಿಕಲ್ ಶಾಪಿನವನಿಂದ ಎರಡು ಮಾತ್ರೆ. ಐದು ದಿನಕ್ಕೆ ಏಳುತ್ತಿದ್ದಳು, ನಾನು ಮುಂದಿನ ಊರಿನ ನಕ್ಷೆ ಬಿಡಿಸುತ್ತಿದ್ದೆ.

ಎರಡು ವರ್ಷದ ಹಿಂದೆ ಪಾದ ಊದಿಕೊಂಡಿತು, ಅನ್ನ ಸೇರದಾಯಿತು. ಪರೀಕ್ಷೆಗಳೆಲ್ಲ ಆದ ಮೇಲೆ ಕಿಡ್ನಿಯ ಡಾಕ್ಟರು ರಿಪೋರ್ಟುಗಳನ್ನು ಒಂದೊಂದಾಗಿ ತಿರುವಿ, "ಅಮ್ಮ, ನೀರು ಕುಡಿಯೋದು ಕಮ್ಮಿನಾ?" ಎಂದು ಕೇಳಿದರು.

ಉತ್ತರ ಕೊಟ್ಟವನು ನಾನು. "ತುಂಬಾ ಕಮ್ಮಿ ಸಾರ್. ಟೂರಿಗೆ ಹೋದ್ರೆ ದಿನವಿಡೀ ಒಂದು ಲೋಟ." ದನಿಯಲ್ಲಿ ಅದೇ ಹಳೇ ಹೆಮ್ಮೆ ಇನ್ನೂ ಇತ್ತು.

ಡಾಕ್ಟರು ನನ್ನ ಕಡೆ ನೋಡಲಿಲ್ಲ. "ಯಾಕಮ್ಮ?"

ವನಜ ಸೆರಗಿನ ಅಂಚು ಮಡಚುತ್ತ ಕೂತಿದ್ದಳು. "ಕುಡಿದ್ರೆ ಇಳೀಬೇಕಾಗುತ್ತಲ್ಲ ಡಾಕ್ಟ್ರೇ. ಇಳಿದು ಎಲ್ಲಿಗೆ ಹೋಗೋದು?"

ಬಿಪಿ ಇತ್ತು, ಸಕ್ಕರೆ ಇತ್ತು, ಎಲ್ಲವನ್ನೂ ಅದೊಂದರ ಮೇಲೆ ಹಾಕೋಕಾಗಲ್ಲ ಎಂದು ಡಾಕ್ಟರು ಹೇಳಿದರು. ಮತ್ತೆ ಮತ್ತೆ ಆದ ಸೋಂಕೂ ಸೇರಿಕೊಂಡಿದೆ, ಅಷ್ಟು ಹೊತ್ತು ತಡೆದುಕೊಳ್ಳಬಾರದಿತ್ತು ಎಂದೂ ಹೇಳಿದರು. ಒಳ್ಳೆಯ ಮನುಷ್ಯ, ನನಗೆ ಒಂದು ಸಂದು ಬಿಟ್ಟುಕೊಟ್ಟರು. ಆ ಸಂದಿಯಲ್ಲಿ ನುಸುಳಿಕೊಳ್ಳಲು ನಾನು ಕೆಲವು ದಿನ ಪ್ರಯತ್ನವನ್ನೂ ಪಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನಗೆ ಬುದ್ಧಿ ಬರುವುದಕ್ಕೂ ಮೊದಲು ಸಿಟ್ಟೇ ಬಂತು.

"ಒಂದು ಮಾತು ಹೇಳಬಾರದಿತ್ತೇನೇ, ಮಾರಾಯ್ತಿ?" ಎಂದು ಮನೆಗೆ ಬಂದವನೇ ಕೂಗಾಡಿದೆ.

"ಯಾವುದಾದ್ರೂ ಊರೊಳಗೆ ನಿಲ್ಸಿ ಅಂತಿದ್ನಲ್ಲ. ನೀವು, ಊರೊಳಗೆ ಏನಿದೆ, ಬರೀ ಗಲಾಟೆ, ಕೆರೆ ಹತ್ರ ಹೋಗೋಣ ಅಂತಿದ್ರಿ."

"ಊರೊಳಗೆ ಯಾಕೆ ಅಂತ ಬಿಡಿಸಿ ಹೇಳೋದಲ್ವಾ?"

"ಗಂಡಸರ ಹತ್ರ ಅದನ್ನೆಲ್ಲ ಎಷ್ಟು ಸಲ ಬಿಡಿಸಿ ಹೇಳ್ತಾರೆ ರೀ?" ಅಂದು ಅವಳು ಒಳಗೆ ಹೋದಳು. ನಾನು ಜಗಲಿಯ ಮೇಲೆ ಕೂತೆ. ದುಃಖ ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಈಗ ಬಚ್ಚಲು ಅವಳ ಮಂಚದಿಂದ ನಾಲ್ಕು ಹೆಜ್ಜೆ. ಆದರೆ ನೀರು ಕುಡಿಯುವ ಹಾಗಿಲ್ಲ. ದಿನಕ್ಕೆ ಅರ್ಧ ಲೀಟರ್, ಮಾತ್ರೆ ನುಂಗುವ ನೀರು, ಕಾಫಿ, ಸಾರು, ಎಲ್ಲ ಸೇರಿ. ಕುಡಿದದ್ದು ಹೊರಗೆ ಹೋಗಲ್ಲ, ಮೈಯಲ್ಲೇ ನಿಲ್ಲುತ್ತೆ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಳ್ಳುವುದೇ ಬೇರೆ, ತಿಳಿದುಕೊಳ್ಳುವುದೇ ಬೇರೆ ಎಂದು ಆಗ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಅವಳು ಬಾಯಿ ಮುಕ್ಕಳಿಸಿ ಉಗುಳುವುದನ್ನು ನೋಡಲಾರದೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ಶಿವಮೊಗ್ಗದ ವಿನೋಬನಗರದ ಹುಡುಗಿ, ಶಾಲೆಯಲ್ಲಿ ಟೀಚರು. ಇಬ್ಬರೂ ಕಾರಿನಲ್ಲಿ ಟೆಂಟು ಹಾಕಿಕೊಂಡು ಕರಾವಳಿಗೆ ಹೊರಟಿದ್ದರು. "ಅಂಕಲ್, ಎಲ್ಲೆಲ್ಲಿ ನಿಲ್ಲೋದು ಅಂತ ನಿಮ್ಮನ್ನ ಬಿಟ್ರೆ ಇನ್ಯಾರನ್ನ ಕೇಳೋದು?" ಅಂದ. ಬಹಳ ದಿನದ ಮೇಲೆ ಯಾರೋ ಕೇಳಿದ್ದಾರೆ, ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ಸಮುದ್ರದ ಪಕ್ಕದ ದೇವಸ್ಥಾನ, ಬೀಚು, ಅಲ್ಲಲ್ಲಿಯ ಗಾಳಿ, ನೆರಳು, ಮೀನಿನ ಊಟ ಎಲ್ಲ ಹೇಳಿದೆ. ಹುಡುಗಿ ಎಲ್ಲವನ್ನೂ ಕೇಳಿ, "ಅಲ್ಲೆಲ್ಲ ಟಾಯ್ಲೆಟ್ ಹೇಗಿದೆ ಅಂಕಲ್?" ಅಂದಳು. ಎಷ್ಟು ಸಲೀಸಾಗಿ ಕೇಳಿದಳು! ಅಷ್ಟೂ ಜಾಗಗಳಲ್ಲಿ ಒಂದರದ್ದೂ ನನಗೆ ಗೊತ್ತಿರಲಿಲ್ಲ.

ಒಳಗಿನ ಮಂಚದಿಂದ ವನಜ ಹೇಳಿದಳು: "ಆ ದೇವಸ್ಥಾನದ ಹಿಂದೆ ಎರಡಿದೆ ಕಣಮ್ಮ. ಎಡಗಡೇದಕ್ಕೆ ಚಿಲಕ ಇಲ್ಲ, ಇವನನ್ನ ಹೊರಗೆ ನಿಲ್ಲಿಸಿಕೋ. ಬೀಚಿನ ಹತ್ರ ಹೋಗಲೇಬೇಡ. ಅದರ ಹಿಂದಿನ ಊರಲ್ಲಿ ಬಸ್‌ಸ್ಟ್ಯಾಂಡ್ ಎದುರು ಒಬ್ಬರು ಟೈಲರಮ್ಮ ಇದ್ದಾರೆ, ಕೇಳಿದ್ರೆ ಅವರ ಮನೇದಕ್ಕೇ ಬಿಡ್ತಾರೆ. ನನಗೆ ಮೂರು ಸಲ ಬಿಟ್ಟಿದ್ರು."

ಹುಡುಗಿ ಫೋನಿನಲ್ಲಿ ಎಲ್ಲ ಬರೆದುಕೊಂಡಳು. ಹೋಗುವಾಗ ಒಳಗೆ ಬಂದು ವನಜಳ ಕೈ ಹಿಡಿದುಕೊಂಡಳು. ಆ ಊರಿಗೆ ನಾವು ಮೂರು ಸಲ ಹೋಗಿದ್ದೆವು. ಟೈಲರಮ್ಮನೊಬ್ಬಳು ಇದ್ದಳೆಂಬುದು ನನಗೆ ಗೊತ್ತಾದದ್ದು ಅವತ್ತು.

ಇವತ್ತು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಭದ್ರಾವತಿಗೆ ಹೊರಟೆವು. ಇಂಥ ದಿನ ಅವಳಿಗೆ ಮಾತು ಬೇಡ, ಸೀಟು ಒರಗಿಸಿಕೊಂಡು ಕಣ್ಣು ಮುಚ್ಚಿರುತ್ತಾಳೆ. ಸೋಗಾನೆ ಏರ್‌ಪೋರ್ಟ್ ಕಡೆಯಿಂದ ಎದ್ದ ವಿಮಾನದ ಸದ್ದಿಗೆ ಒಂದು ಸಲ ಕಣ್ಣು ಬಿಟ್ಟಳು, ಅಷ್ಟೆ. ಸ್ವಲ್ಪ ಮುಂದೆ ಹೊಸದಾಗಿ ಒಂದು ಬಂಕ್ ಆಗಿದೆ. ಅವಳು ಕೇಳದೆಯೇ ನಿಲ್ಲಿಸಿದೆ. ಕೌಂಟರಿನ ಹುಡುಗಿ, "ಲೇಡೀಸ್‌ಗೆ ಬೇರೆ ಇದೆ ಅಂಕಲ್," ಎಂದು ಬೀಗದಕೈ ಕೊಟ್ಟಳು. ಮೊದಲು ನಾನೇ ಹೋಗಿ ನೋಡಿದೆ. ಬಿಳಿ ಟೈಲ್ಸು, ನಲ್ಲಿಯಲ್ಲಿ ನೀರು, ಲೈಟು, ಗಟ್ಟಿ ಬೋಲ್ಟು, ಬ್ಯಾಗು ತೂಗುಹಾಕಲು ಮೊಳೆ ಕೂಡ. ರ್‍ಯಾಂಕ್ ಬಂದ ಹುಡುಗನ ಥರ ವ್ಯಾನಿನ ಹತ್ತಿರ ಓಡಿದೆ.

"ವನಜಾ, ಇಳಿ, ಇಳಿ. ನಾನೇ ನೋಡಿ ಬಂದೆ. ಎಷ್ಟು ಚೊಕ್ಕ ಇದೆ ಗೊತ್ತಾ!"

ಅವಳು ನನ್ನ ಕೈಯಲ್ಲಿದ್ದ ಬೀಗದಕೈ ನೋಡಿದಳು. "ನನಗೀಗ ಎಲ್ಲಿ ಬರುತ್ತೆ ರೀ. ಪೂರ್ತಿ ನಿಂತುಹೋಗಿ ಎರಡು ತಿಂಗಳಾಯ್ತು."

"ನನಗೆ ಹೇಳಲೇ ಇಲ್ಲ?"

"ನರ್ಸಮ್ಮ ಕೇಳಿದ್ರು, ಅವರಿಗೆ ಹೇಳಿದೆ." ಆಮೇಲೆ, ನನ್ನ ಮುಖ ನೋಡಿಯೋ ಏನೋ, ಮೆತ್ತಗೆ ಅಂದಳು: "ನಿಲ್ಲಿಸಿದ್ದೀರಲ್ಲ, ನೀವಾದ್ರೂ ಹೋಗಿ ಬನ್ನಿ."

ಎಪ್ಪತ್ತು ದಾಟಿದವನು ನಾನು, ಗಂಟೆಗೊಂದು ಸಲ ಬೇಕೇ ಬೇಕು. ಆಗಲೂ ಅವಸರವಾಗಿತ್ತು. "ಬೇಡ," ಅಂದೆ. ಬೀಗದಕೈ ವಾಪಸ್ ಕೊಟ್ಟು ಬಂದು ಗಾಡಿ ಹೊರಡಿಸಿದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದೊಂದು ರಸ್ತೆ ಉಬ್ಬಿಗೂ ಕೆಳಹೊಟ್ಟೆ ಹಿಂಡತೊಡಗಿತು. ಹಣೆಯಲ್ಲಿ ಬೆವರು ಬಂತು, ಎದುರಿನ ಬಸ್ಸು ಹಾರ್ನ್ ಮಾಡಿದ್ದು ತಡವಾಗಿ ಕೇಳಿಸಿತು. ವನಜ ನನ್ನನ್ನೇ ನೋಡುತ್ತಿದ್ದಳು.

"ಅಲ್ಲೊಂದು ಮರ ಇದೆಯಲ್ರೀ, ನಿಲ್ಸಿ ಹೋಗಿ ಬರಬಾರದಾ?" ಅಂದಳು.

ನಾನು ನಿಲ್ಲಿಸಲಿಲ್ಲ. ಮನೆ ಮುಟ್ಟಲು ಇಪ್ಪತ್ತು ನಿಮಿಷವಾಯಿತು.