ಆ ನಡುಕ ದೈವದ್ದಲ್ಲ, ಸವಿತಾ

ಸವಿತಾ, ಅವತ್ತು ನಿನ್ನ ಮೈ ನಡುಗಿದ್ದು ದೈವ ಬಂದು ಅಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಅತ್ತೆಯ ಮಾತಿಗೆ ಹೂಂಗುಟ್ಟಿದೆ.

ನಿಮ್ಮೂರು ಪೆರಾಬೆಯ ತಿರುವಿನಲ್ಲಿ ರಿಕ್ಷಾ ಮಗುಚಿ, ಎರಡೂ ಮೊಣಕಾಲು ಅದರಡಿ ಸಿಕ್ಕಿಕೊಂಡು ನೀನು ಅರ್ಧ ಗಂಟೆ ಬಿದ್ದಿದ್ದೆ. ಗಾಯ ಮಾಯಿತು, ಸ್ಕ್ಯಾನಿಂಗಿನಲ್ಲಿ ಏನೂ ಇರಲಿಲ್ಲ. ಆದರೂ ಕಾಲು ಬಿಗಿದೇ ಇತ್ತು, ರಿಕ್ಷಾ ಸದ್ದಿಗೆ ಉಸಿರು ಕಟ್ಟುತ್ತಿತ್ತು. ಕುಂಬ್ರದ ನನ್ನ ಫಿಸಿಯೋಥೆರಪಿ ಕೋಣೆಗೆ ಬಂದೆ. ನಾನೋ — ಅಪಘಾತದ ಹೆದರಿಕೆ ಬಿಡಿಸುವ ಹತ್ತು ದಿನದ ತರಬೇತಿ ಮುಗಿಸಿದ ಹುರುಪಿನಲ್ಲಿದ್ದೆ. ಹೆದರಿಕೆ ಮೈಯಲ್ಲೇ ಉಳಿಯುತ್ತದೆ, ಅಂಗಾಲು ಗೋಡೆಗೆ ಊರಿ ನಿಧಾನ ಉಸಿರಾಡಬೇಕು, ನಡುಕ ಬಂದರೆ ತಡೆಯದೆ ಬರಲು ಬಿಡಬೇಕು, ಹೆದರಿಕೆ ಹೊರಹೋಗುವುದೇ ಹಾಗೆ — ಎಲ್ಲ ಬಾಯಿಪಾಠ. ನಡುಕ ಬರಬಹುದು ಎಂದು ನಿನಗೇ ಮೊದಲು ಹೇಳಬೇಕಿತ್ತು. ಹೇಳಲಿಲ್ಲ.

ನಾಲ್ಕನೇ ವಾರ, ಗೋಡೆಗೆ ಅಂಗಾಲು ಊರಿದ್ದಾಗಲೇ ನಿನ್ನ ಕಾಲುಗಳು ಗಡಗಡ ನಡುಗತೊಡಗಿದವು.

"ಇದು ಎಂತ ಡಾಕ್ಟ್ರೆ?" ಎಂದೆ ನೀನು.

ಬದಿಯಲ್ಲಿದ್ದ ಅತ್ತೆ ಎದ್ದು ಕೈಮುಗಿದರು. "ದೈವ ಮೈಗೆ ಬಂತು! ಹೌದಲ್ವಾ ಡಾಕ್ಟ್ರೆ?"

ಹೊರಗೆ ಬೆಂಚಿನಲ್ಲಿ ಊರಿನವರು ಕಾಯುತ್ತಿದ್ದರು. ಅಲ್ಲ ಎಂದರೆ, ದೈವವನ್ನೇ ಅಲ್ಲಗಳೆದವಳು ಎಂಬ ಹೆಸರು ಬಂದರೆ — ನನಗೆ ಹೊಳೆದದ್ದು ಅಷ್ಟೇ. "ಇರ್ಲಿಕ್ಕೂ ಸಾಕು ಅಮ್ಮ" ಎಂದುಬಿಟ್ಟೆ. ಬೇಗ ನಿಲ್ಲಲಿ ಎಂದು ನಿನ್ನ ಎರಡೂ ಮೊಣಕಾಲು ಒತ್ತಿ ಹಿಡಿದೆ. ರಿಕ್ಷಾ ಒತ್ತಿದ ಜಾಗವನ್ನೇ! ನೀನು ಕಿರುಚಲೂ ಇಲ್ಲ. ಕಲ್ಲಾದೆ. ಆಮೇಲೆ ಬರಲೂ ಇಲ್ಲ.

ಎರಡು ವರ್ಷದ ನಂತರ, ಮೊನ್ನೆ ಕಡಬ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದೆ. ಮಗಳು ಎತ್ತಿಕೋ ಎಂದು ಸೆರಗು ಜಗ್ಗಿ ಅಳುತ್ತಿದ್ದಳು.

"ಎತ್ತಿಕೊಳ್ಳುದಿಲ್ಲ ಡಾಕ್ಟ್ರೆ. ಯಾವಾಗ ದೈವ ಮೈಗೆ ಬರ್ತದೆ ಅಂತ ಗೊತ್ತುಂಟಾ? ಮಗು ಕೈಯಿಂದ ಬಿದ್ರೆ? ಮೈ ಬಿಗಿ ಹಿಡ್ಕೊಂಡೇ ಇರುದು."

ನೀನು ನಕ್ಕು ಹೇಳಿದೆ. ನಾನು — ನಾಚಿಕೆಗೆಟ್ಟವಳು — ಮಗುವಿಗೆ ಬಿಸ್ಕತ್ತು ಕೊಟ್ಟು ಬಸ್ಸು ಹತ್ತಿದೆ. ಅವತ್ತು ಸಂಜೆಯೇ ಕೋಣೆಗೆ ಬಂದ ಇನ್ನೊಬ್ಬ ರೋಗಿಗೆ, ಮೈಯನ್ನು ನಂಬಿ ಎಂದು ಉಪದೇಶ ಮಾಡಿದೆ. ನನ್ನ ಧ್ವನಿ ಕೇಳಿ ನನಗೇ ರೇಗಿತು.

ದೈವವನ್ನು ನಂಬುವುದು ತಪ್ಪಲ್ಲ, ನಾನೂ ಕೈಮುಗಿಯುವವಳೇ. ನನ್ನ ಪುಕ್ಕಲುತನಕ್ಕೆ ಅದರ ಹೆಸರು ಕೊಟ್ಟೆನಲ್ಲ — ಅದು ತಪ್ಪು.

ನಾಳೆ ಪೆರಾಬೆಗೆ ಬರುತ್ತೇನೆ. ಅತ್ತೆಯ ಎದುರಿಗೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ನಡುಗಿದ್ದು ನಿನ್ನದೇ ಮೈ, ಅದು ವಾಸಿಯಾಗಲು ಹೊರಟಿತ್ತು, ತಡೆದವಳು ನಾನು. ಇಷ್ಟನ್ನು ಹೇಳಿಯೇನು. ಮಗಳನ್ನು ಎತ್ತಿಕೋ ಎನ್ನುವ ಮುಖ ಮಾತ್ರ ನನಗಿಲ್ಲ.