ಕೆಸರಿನ ಫೋಲ್ಡರ್, ನದಿಯ ಫೋಲ್ಡರ್

ಜನೆಲ್ ಡ್ಯೂಕ್ ಬಗ್ಗೆ ಹೇಳಬೇಕೆಂದರೆ ಅವಳ ಬಣ್ಣದ ಚುಕ್ಕಿಗಳಿಂದಲೇ ಶುರು ಮಾಡಬೇಕು. ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿಯೊಂದು ಸಂಶೋಧನಾ ಪೇಪರಿಗೂ ಅವಳು ಒಂದು ಚುಕ್ಕಿ ಇಡುತ್ತಿದ್ದಳು. ಓದಬೇಕಾದ್ದಕ್ಕೆ ಕೆಂಪು, ಅರ್ಧ ಓದಿದ್ದಕ್ಕೆ ಹಳದಿ, ಮುಗಿಸಿದ್ದಕ್ಕೆ ಹಸಿರು. ಆಮೇಲೆ ಅದನ್ನು ಅದರದೇ ಫೋಲ್ಡರಿನಲ್ಲಿ ಇಡುವಳು. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು. ಹೊಸದಾಗಿ ಪಿಎಚ್.ಡಿ.ಗೆ ಸೇರಿದವರನ್ನು ಅವಳ ಗೈಡ್ ಥೋರಾ ಬ್ಯಾರ್ನಸನ್ ನಮ್ಮ ಕೋಣೆಗೆ ಕಳಿಸುತ್ತಿದ್ದರು, ಓದಿದ್ದನ್ನು ಹೇಗೆ ಜೋಡಿಸಿಡಬೇಕೆಂದು ಜನೆಲ್‌ಳನ್ನು ನೋಡಿ ಕಲಿಯಿರಿ ಅಂತ. ಅವರು ಬಂದು, ನೋಡಿ, ಬೆರಗಾಗಿ ಹೋಗುತ್ತಿದ್ದರು. ಯಾರೂ ಕೂತು ಮಾತಾಡುತ್ತಿರಲಿಲ್ಲ.

ವಿನಿಪೆಗ್‌ನ ವಿಶ್ವವಿದ್ಯಾಲಯದಲ್ಲಿ ನಮ್ಮಿಬ್ಬರದು ಕಿಟಕಿಯಿಲ್ಲದ ಕೋಣೆ. ಮೀನಿನ ಕಿವಿಯೊಳಗಿನ ಕಲ್ಲನ್ನು ಸೀಳಿ, ಉಂಗುರ ಎಣಿಸಿ, ಮೀನಿನ ವಯಸ್ಸು ಹೇಳುವುದು ನನ್ನ ಕೆಲಸ. ಅವಳದು ಸರೋವರದ ಕೆಲಸ. ಬೇಸಿಗೆಯಲ್ಲಿ ನೀರಿನ ಮೇಲೆ ದಪ್ಪಗೆ ಪಾಚಿ ಕಟ್ಟುತ್ತದಲ್ಲ, ಅದನ್ನು ಸಾಕುವ ರಂಜಕ ಎಲ್ಲಿಂದ ಬರುತ್ತದೆ ಎನ್ನುವುದು. ಆ ಕೋಣೆಯಲ್ಲಿ ಯಾರೂ ಅಲುಗಾಡದಿದ್ದರೆ ದೀಪ ತಾನಾಗಿಯೇ ಆರಿಹೋಗುತ್ತದೆ. ನಾನು ಹೊರಗೆ ಹೋಗಿ ಬಂದರೆ ಎಷ್ಟೋ ಸಲ ಕೋಣೆ ಕತ್ತಲು, ಅದರ ನಡುವೆ ಪರದೆಯ ಬೆಳಕಿನಲ್ಲಿ ಜನೆಲ್ ಮುಖ ಮಾತ್ರ. ದೀಪ ಆರಿದ್ದೂ ಅವಳಿಗೆ ಗೊತ್ತಾಗಿರುತ್ತಿರಲಿಲ್ಲ. ನಾನು ಕಾಲಿಟ್ಟ ಕೂಡಲೇ ದೀಪ ಹತ್ತುತ್ತಿತ್ತು, ಅವಳು ಕಣ್ಣು ಕಿರಿದು ಮಾಡಿಕೊಂಡು ನನ್ನ ಕಡೆ ನೋಡುತ್ತಿದ್ದಳು. ದಿನದ ಮೊದಲ ಮಾತು ಆಡುವಾಗ ಅವಳ ಗಂಟಲು ಕಟ್ಟಿಕೊಂಡಿರುತ್ತಿತ್ತು.

ಅವಳ ಊರು ದಕ್ಷಿಣಕ್ಕೆ, ಗಡಿಯ ಹತ್ತಿರ. ಮೆನೊನೈಟ್ ಎನ್ನುವ ಕ್ರೈಸ್ತ ಪಂಗಡದ ಮನೆತನ, ಸೂರ್ಯಕಾಂತಿ ಹೊಲ. ಭಾನುವಾರ ಮಧ್ಯಾಹ್ನ ಫಾಸ್ಪಾ ಎನ್ನುವ ಲಘು ಊಟಕ್ಕೆ ಇಡೀ ಬಂಧುಬಳಗ ಅವಳ ಅಮ್ಮನ ಮನೆಯಲ್ಲಿ ಸೇರುತ್ತದೆ. ಬನ್ನು, ಚೀಸ್, ಜಾಮು, ಕಾಫಿ, ಸಂಜೆಯವರೆಗೂ ಹರಟೆ. ಮೊದಲು ತಪ್ಪದೆ ಹೋಗುತ್ತಿದ್ದಳು. ಅಲ್ಲಿ ಚಿಕ್ಕಪ್ಪಂದಿರು ಏನು ಓದುತ್ತಿದ್ದೀಯಾ ಅಂತ ಕೇಳುವುದು, ಇವಳು ಹೇಳಲು ಶುರು ಮಾಡುವುದು, ಅಷ್ಟರಲ್ಲಿ ಮಾತು ಟ್ರ್ಯಾಕ್ಟರಿನ ಕಡೆ ತಿರುಗುವುದು. ಪರೀಕ್ಷೆ ಹತ್ತಿರವಾದಂತೆ ಹೋಗುವುದನ್ನೇ ಬಿಟ್ಟಳು. ಅಮ್ಮ ಫೋನಿನಲ್ಲಿ ಇನ್ನೂ ಎಷ್ಟು ಓದೋದಿದೆ ಅಂತ ಕೇಳಿದರೆ, ಇವಳು ಕೆಂಪು ಚುಕ್ಕಿ ಎಷ್ಟು ಉಳಿದಿವೆ ಅಂತ ಹೇಳುತ್ತಿದ್ದಳು.

ಆ ಪರೀಕ್ಷೆಗೆ ನಾವು ಕಾಂಪ್ಸ್ ಎನ್ನುತ್ತೇವೆ. ಪಿಎಚ್.ಡಿ.ಯ ನಡುವೆ ಪ್ರೊಫೆಸರುಗಳು ಸುತ್ತ ಕೂತು, ಇಡೀ ವಿಷಯದ ಮೇಲೆ ಏನು ಬೇಕಾದರೂ ಕೇಳುತ್ತಾರೆ. ಪಾಸಾದರೆ ಮುಂದೆ ಸ್ವಂತ ಸಂಶೋಧನೆ. ಫೇಲಾದರೆ ಇನ್ನೊಂದೇ ಅವಕಾಶ. ಅದೂ ಹೋದರೆ ಎಂ.ಎಸ್ಸಿ. ಕೈಗಿಟ್ಟು ಮನೆಗೆ ಕಳಿಸುತ್ತಾರೆ. ಜನೆಲ್‌ಗೆ ಭಯವೇ ಇರಲಿಲ್ಲ. ಪರೀಕ್ಷಕರಿಗೆ ಅಂತ ಬ್ಲೂಬೆರಿ ಮಫಿನ್ ಮಾಡಿಕೊಂಡು ಬಂದಿದ್ದಳು, ನಮ್ಮಲ್ಲಿ ಅದು ರೂಢಿ. ಅವತ್ತಿಗೆ ಅವಳ ಪರದೆಯ ಮೇಲೆ ಮೇಲಿಂದ ಕೆಳಗಿನವರೆಗೂ ಹಸಿರೇ ಹಸಿರು.

ಪರೀಕ್ಷಕರಲ್ಲಿ ಗೋರ್ಡನ್ ಮಾಲ್‌ಚುಕ್ ಇದ್ದರು. ದೊಡ್ಡ ಆಳು, ನಿಧಾನದ ಮಾತು. ಎರಡು ಪೇಪರಿನ ಹೆಸರು ಹೇಳಿ, ಓದಿದ್ದೀಯಾ ಅಂತ ಕೇಳಿದರು. ಒಂದು ಅವರದೇ, ಇನ್ನೊಂದು ಅವರ ಹಳೆಯ ಸಹೋದ್ಯೋಗಿ ರೊವೀನಾ ಸಿಂಕ್ಲೇರ್ ಬರೆದದ್ದು. ಓದಿದ್ದೇನೆ ಅಂದಳು. ಎರಡರ ಸಾರಾಂಶವನ್ನೂ ತಡವರಿಸದೆ ಒಪ್ಪಿಸಿದಳು. ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ತಳದ ಕೆಸರೇ ರಂಜಕವನ್ನು ಬಿಡುತ್ತದೆ ಎನ್ನುವುದು ಗೋರ್ಡನ್ ವಾದ. ಇಲ್ಲ, ಹಿಮ ಕರಗಿದಾಗ ಹೊಲಗಳಿಂದ ನದಿ ಹೊತ್ತು ತರುತ್ತದೆ ಎನ್ನುವುದು ರೊವೀನಾ ವಾದ.

"ಸರಿ," ಅಂದರು ಗೋರ್ಡನ್. "ಇಬ್ರೂ ಅಳೆದಿದ್ದು ಒಂದೇ ಸರೋವರ, ಒಂದೇ ವರ್ಷ. ನಾನು ಕೆಸರು ಅಂದೆ, ಅವಳು ನದಿ ಅಂದ್ಲು. ಲೆಕ್ಕ ಎಲ್ಲಿ ಬೇರೆ ಆಯ್ತು?"

ಜನೆಲ್ ಮತ್ತೆ ಎರಡು ಸಾರಾಂಶಗಳನ್ನೂ ಹೇಳಿದಳು. ಅವರು ತಾಳ್ಮೆಯಿಂದ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಒಂದು ಪೇಪರ್ ಅವಳ ಕೆಸರಿನ ಫೋಲ್ಡರಿನಲ್ಲಿತ್ತು, ಇನ್ನೊಂದು ನದಿಯ ಫೋಲ್ಡರಿನಲ್ಲಿ. ಎರಡಕ್ಕೂ ಹಸಿರು ಚುಕ್ಕಿ. ಅವೆರಡೂ ಒಂದೇ ಸರೋವರದ ಬಗ್ಗೆ ಕಚ್ಚಾಡುತ್ತಿವೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವಳು ಎರಡನ್ನೂ ಒಟ್ಟಿಗೆ ತೆರೆದೇ ಇರಲಿಲ್ಲ.

ತೀರ್ಮಾನ ಮಾಡುವಾಗ ವಿದ್ಯಾರ್ಥಿಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ಅವಳು ಕಾರಿಡಾರಿನಲ್ಲಿ ನಿಂತಿದ್ದಳು. ಥೋರಾ ಹೊರಗೆ ಬಂದು ಹೆಗಲ ಮೇಲೆ ಕೈಯಿಟ್ಟಾಗಲೇ ಫೇಲು ಅಂತ ಗೊತ್ತಾಯಿತು. ಮತ್ತೆ ಪರೀಕ್ಷೆ ವಸಂತದಲ್ಲಿ, ಸರೋವರದ ಮಂಜುಗಡ್ಡೆ ಒಡೆದ ಮೇಲೆ. ಅದೇ ಕೊನೆಯದು.

ಕೆಲವು ದಿನ ಅವಳು ಬರಲೇ ಇಲ್ಲ. ಬಂದ ದಿನ, ಕೋಟೂ ಬಿಚ್ಚದೆ ಕೂತು, ಎಲ್ಲ ಹಸಿರು ಚುಕ್ಕಿಗಳನ್ನೂ ಅಳಿಸಿಬಿಟ್ಟಳು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಹಸಿರು ಅಂದರೆ ತನಗೆ ಏನಾಗಿತ್ತು ಅಂತ ಅವತ್ತು ಹೇಳಿದಳು. ಮೇಲಿನ ಸಾರಾಂಶ ಓದುವುದು, ಚಿತ್ರ ನೋಡುವುದು, ಕೊನೆಯ ಪುಟ ಓದುವುದು. ಮಧ್ಯದಲ್ಲಿ ಎಲ್ಲಿ ಅಳೆದರು, ಯಾವಾಗ ಅಳೆದರು, ಹೇಗೆ ಅಳೆದರು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ಹಾರಿಸಿಬಿಡುವುದು. ಅಯ್ಯೋ, ಅದನ್ನು ಹಾರಿಸದವರು ಯಾರಿದ್ದಾರೆ ಅಂದೆ. ನಿಜವಾಗಿಯೂ ನಮ್ಮ ಇಡೀ ಕಟ್ಟಡ ಓದುವುದೇ ಹಾಗೆ. ಅವಳು ನಗಲಿಲ್ಲ.

"ನಿಂಗೆ ಶುಕ್ರವಾರ ಮಧ್ಯಾಹ್ನ ಏನಾದ್ರೂ ಕೆಲ್ಸ ಇರುತ್ತಾ?"

"ಯಾಕೆ?"

"ಜಗಳ ಆಡೋಕೆ ಒಬ್ರು ಬೇಕು."

"ಅದಕ್ಕೆ ನಾನೇ ಬೇಕಾ? ಕಟ್ಟಡ ತುಂಬ ಜನ ಇದಾರಲ್ಲ."

"ಅವರ್ಯಾರೂ ನನ್ ಜೊತೆ ಮಾತಾಡಲ್ಲ."

"ನೀನೇ ಯಾರ ಜೊತೇನೂ ಮಾತಾಡಲ್ಲ ಮಾರಾಯ್ತಿ."

ಅವಳು ಕೊನೆಗೂ ಕೋಟಿನ ಗುಂಡಿ ಬಿಚ್ಚಿದಳು. "ಹೂಂ. ಅದೂ ಹೌದು."

ಹಾಗೆ ಶುರುವಾಯಿತು. ಅವಳು ಈಗ ವಿಷಯದ ಪ್ರಕಾರ ಜೋಡಿಸುವುದನ್ನು ಬಿಟ್ಟು ಜಗಳದ ಪ್ರಕಾರ ಜೋಡಿಸಲು ಹೊರಟಳು. ಯಾವ ಪೇಪರಿಗೆ ಯಾವುದರ ಜೊತೆ ಆಗಿಬರುವುದಿಲ್ಲವೋ ಅವೆರಡನ್ನೂ ಮುದ್ರಿಸಿ ಒಂದೇ ಕ್ಲಿಪ್ಪಿಗೆ ಸಿಕ್ಕಿಸುವುದು. ಓದಿ ಮಗುಚಿಟ್ಟು, ಅವರು ಏನು ಮಾಡಿದರು ಅಂತ ನೋಡದೆ ತನ್ನ ಮಾತಿನಲ್ಲಿ ಹೇಳುವುದು. ಹೇಳಲು ಬರದಿದ್ದರೆ ಓದಿಲ್ಲ ಅಂತಲೇ ಲೆಕ್ಕ. ಶುಕ್ರವಾರ ಒಂದು ಕಟ್ಟು ನನ್ನ ಮುಂದೆ ಹಾಕಿ, ಇವತ್ತು ನೀನು ಈ ಕಡೆ ಎನ್ನುತ್ತಿದ್ದಳು. ಅರ್ಧ ದಾರಿಯಲ್ಲಿ ಪಕ್ಷ ಬದಲಿಸಬೇಕು. ನನಗೆ ರಂಜಕದ ತಲೆಬುಡ ಗೊತ್ತಿರಲಿಲ್ಲ, ಆದರೆ ಜಗಳ ಗೊತ್ತಿತ್ತು. ನಿಮ್ಮ ನದಿ ಚಳಿಗಾಲದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿರುವಾಗ ಅದೇನು ತರುತ್ತದೆ ತಾಯಿ ಅಂತ ಕೇಳಿದರೆ, ಅವಳು ಕೆಂಪಾಗಿ ಎದ್ದು ನಿಂತು ವಾದಿಸುತ್ತಿದ್ದಳು. ಪಕ್ಕದ ಕೋಣೆಯವರು ಏನಾಯಿತು ಅಂತ ಒಮ್ಮೆ ಇಣುಕಿಯೂ ನೋಡಿದರು. ವಾರಪೂರ್ತಿ ಅವಳ ದನಿ ಕೇಳುತ್ತಿದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ. ಐದು ಗಂಟೆಗೆ ಕ್ಲಿಪ್ಪು ಹಾಕಿ ಮತ್ತೆ ಮೌನ.

ಕೆಸರು ಮತ್ತು ನದಿಯ ಕಟ್ಟನ್ನು ಅವಳು ಬಹಳ ದಿನ ಮುಟ್ಟಲಿಲ್ಲ. ಮುಟ್ಟಿದಾಗ ನಾವು ಜಗಳವನ್ನೂ ಆಡಲಿಲ್ಲ. ಇಬ್ಬರೂ ಮಧ್ಯದ ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಓದುತ್ತಿದ್ದೆವು.

"ಗೋರ್ಡನ್ ಎಲ್ಲಿವರೆಗೆ ಅಳೆದಿದಾರೆ ನೋಡು," ಅಂದಳು.

ಗೋರ್ಡನ್ ಮಂಜುಗಡ್ಡೆಯಲ್ಲಿ ತೂತು ಕೊರೆದು, ಅದರ ಮೇಲೆ ನಡೆಯಬಹುದಾದಷ್ಟು ದಿನ ಅಳೆದಿದ್ದರು. ಗಡ್ಡೆ ತೆಳುವಾದ ಮೇಲೆ ನಿಲ್ಲಿಸಿದ್ದರು. ರೊವೀನಾ ನದಿ ಸರೋವರಕ್ಕೆ ಸೇರುವಲ್ಲಿ ದೋಣಿಯಿಂದ ಅಳೆದಿದ್ದರು. ಗಡ್ಡೆ ಪೂರ್ತಿ ಹೋದ ಮೇಲೆ ಶುರು ಮಾಡಿದ್ದರು. ನಡುವೆ ಕೆಲವು ವಾರ. ಕಾಲಿಟ್ಟರೆ ಮುಳುಗುವಷ್ಟು ತೆಳು, ದೋಣಿ ಬಿಟ್ಟರೆ ಸಿಕ್ಕಿಕೊಳ್ಳುವಷ್ಟು ದಪ್ಪ. ಇಬ್ಬರೂ ಆ ವಾರಗಳ ಮೇಲೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಅಂದಾಜಿನ ಒಂದು ನೇರ ಗೆರೆ ಎಳೆದು, ಅಲ್ಲಿದ್ದ ರಂಜಕವನ್ನೆಲ್ಲ ತಮ್ಮ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ನಾನು ಮೇಜು ಬಡಿದೆ, ಸಿಕ್ಕಿತಲ್ಲ ಅಂತ. ಅವಳು ಆ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ಆ ವಾರಗಳಲ್ಲಿ ಅಲ್ಲಿ ಯಾರೂ ಇರ್ಲಿಲ್ಲ," ಅಂದಳು.

ಎರಡನೆಯ ಪರೀಕ್ಷೆಯ ದಿನ ನಾನು ಊರಿನಲ್ಲಿರಲಿಲ್ಲ. ಗಡ್ಡೆ ಒಡೆದ ಕೂಡಲೇ ಬಲೆ ಹಾಕಬೇಕು, ಮೀನು ಯಾರಿಗೂ ಕಾಯುವುದಿಲ್ಲ. ಬೇಕಾದರೆ ಉಳಿಯುತ್ತೇನೆ ಅಂದೆ. ಬೇಡ, ಕಾರಿಡಾರಿನಲ್ಲಿ ಒಬ್ಬಳೇ ನಿಂತು ನನಗೆ ಅಭ್ಯಾಸವಿದೆ ಅಂದಳು. ಮುಂದಿನದೆಲ್ಲ ಅವಳೇ ಆಮೇಲೆ ಹೇಳಿದ್ದು.

ಗೋರ್ಡನ್ ಅದೇ ಪ್ರಶ್ನೆ ಕೇಳಿದರು. ಅವಳು ಎದ್ದು ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ನಡುವೆ ಜಾಗ ಬಿಟ್ಟು, ಇಲ್ಲಿ ನಿಮ್ಮಿಬ್ಬರ ಹತ್ತಿರವೂ ಏನೂ ಇಲ್ಲ ಅಂದಳು. ಆ ಜಾಗವನ್ನು ಅಳೆಯುವುದೇ ತನ್ನ ಸಂಶೋಧನೆ, ಗಡ್ಡೆ ಕಟ್ಟುವ ಮೊದಲೇ ನೀರೊಳಗೆ ಯಂತ್ರ ಇಳಿಸಿ ಚಳಿಗಾಲ ಪೂರ್ತಿ ಅಲ್ಲೇ ಬಿಡುತ್ತೇನೆ ಅಂದಳು. ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೇ ಬಾಗಿಲು ತೆರೆಯಿತು. ಪಾಸು. ಥೋರಾ ಅಪ್ಪಿಕೊಂಡು, ಮಗುವನ್ನು ಶಾಲೆಯಿಂದ ಕರೆತರಬೇಕು ಅಂತ ಓಡಿದರು. ಉಳಿದವರೂ ಕೈ ಕುಲುಕಿ, ಒಂದೊಂದು ಮಫಿನ್ ಹಿಡಿದುಕೊಂಡು ಹೊರಟರು. ಕೋಣೆ ಖಾಲಿಯಾಯಿತು. ಯಾರಿಗೆ ಹೇಳಲಿ ಅಂತ ಅವಳು ಫೋನ್ ಕೈಯಲ್ಲಿ ಹಿಡಿದು ನಿಂತಿದ್ದಾಗ, ಗೋರ್ಡನ್ ಇನ್ನೂ ಕೂತೇ ಇದ್ದದ್ದು ಕಂಡಿತು.

"ರೊವೀನಾ ಕೋಣೆ ನನ್ನ ಕೋಣೆ ಎದುರಿಗೇ ಇತ್ತು," ಅಂದರು. "ಅವಳ ಪೇಪರ್ ಬಂದ್ಮೇಲೆ ನಾವು ಅದರ ಬಗ್ಗೆ ಒಂದ್ ಮಾತೂ ಆಡ್ಲಿಲ್ಲ. ಹಾಕಿ ಆಟದ ಬಗ್ಗೆ ಮಾತಾಡ್ತಿದ್ವಿ, ಚಳಿ ಬಗ್ಗೆ ಆಡ್ತಿದ್ವಿ. ಅವಳು ರಿಟೈರ್ ಆಗಿ ಹೋಗೋವರೆಗೂ ಅಷ್ಟೇ."

"ಮತ್ತೆ ನನ್ನನ್ನ ಯಾಕೆ ಕೇಳಿದ್ರಿ?"

"ನನಗೂ ಗೊತ್ತಿರ್ಲಿಲ್ಲ, ಅದಕ್ಕೆ. ಅವಳ ಪೇಪರಿನ ಮಧ್ಯಭಾಗ ನಾನು ಓದಿದ್ದು ಹೋದ ವಾರ."

ಜನೆಲ್‌ಗೆ ಮೊದಲು ಬಂದದ್ದು ಸಿಟ್ಟು. ಒಂದಿಡೀ ಚಳಿಗಾಲವನ್ನು ಆ ಪ್ರಶ್ನೆಗಾಗಿ ಕಳೆದಿದ್ದಳು. ಆದರೆ ಆ ದೊಡ್ಡ ಆಳು ಮಫಿನ್‌ನ ಕಾಗದವನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸುತ್ತಿದ್ದುದನ್ನು ನೋಡಿ ಸಿಟ್ಟು ಇಳಿಯಿತು.

"ಅವರಿಗೆ ಫೋನ್ ಮಾಡಿ ಗೋರ್ಡನ್."

"ಈಗ ಮಾಡಿ ಏನಂತ ಹೇಳ್ಲಿ? ನೀನ್ ಮಾಡು. ಇನ್ಮೇಲೆ ಅದು ನಿನ್ನ ಕೆಲ್ಸ." ನಂಬರ್ ಅವರಿಗೆ ಬಾಯಿಪಾಠವಿತ್ತು. ಹೇಳಿ, ಎದ್ದು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.

ಅವಳು ಅಲ್ಲೇ ಕೂತು ಫೋನ್ ಮಾಡಿದಳು. ಬಹಳ ಹೊತ್ತು ರಿಂಗಾದ ಮೇಲೆ ಒಬ್ಬ ಮುದುಕಿಯ ದನಿ, ಇವಳದರ ಹಾಗೆಯೇ ಕಟ್ಟಿಕೊಂಡ ಗಂಟಲು. ತಾನು ಯಾರು ಅಂತ ಹೇಳಿದಳು. ನಿಮ್ಮ ಪೇಪರ್ ಓದಿದ್ದೇನೆ, ಪೂರ್ತಿ ಓದಿದ್ದೇನೆ, ದೋಣಿ ಇಳಿಸುವ ಮೊದಲಿನ ವಾರಗಳ ಬಗ್ಗೆ ಕೇಳಬೇಕು ಅಂದಳು.

"ಯಾವ ವಾರ ಅಂದೆ?" ಅಂದರು ರೊವೀನಾ. "ಒಂದ್ ನಿಮಿಷ ಇರಮ್ಮ. ಇಡಬೇಡ. ಒಲೆ ಆರಿಸಿ ಬರ್ತೀನಿ."

ಅವಳು ಫೋನ್ ಕಿವಿಗೆ ಒತ್ತಿಕೊಂಡು ಕಾದಳು. ದೂರದಲ್ಲೆಲ್ಲೋ ಪಾತ್ರೆ ಇಳಿಸಿದ ಸದ್ದು, ಆಮೇಲೆ ಕುರ್ಚಿ ಎಳೆದ ಸದ್ದು.