ಬಣ್ಣದ ಕಾಕಾನ ಕೆಂಪು ಸೀಗಡಿ

ಬೆಟಗೇರಿಯ ನಮ್ಮ ಓಣಿಯ ತೀರ್ಮಾನ ಒಂದೇ: ನೀರು ಕೆಟ್ಟು ಬಣ್ಣದ ಕಾಕಾನ ಕೆಂಪು ಸೀಗಡಿಗಳ ತಳಿ ಅಳಿಯಿತು. ನೀರಿಗೇನು, ಪಾಪ, ಎದುರುವಾದ ಮಾಡಲು ಬಾಯಿಲ್ಲ.

ಎದುರುಮನೆಯ ಆ ಕಾಕಾ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಮಂಕಾದ ನೂಲಿನ ಲಡಿಯನ್ನು ಬದಿಗೆಸೆಯುವ ಕೈ ಸೀಗಡಿ ಸಾಕಿದ್ದ ಗಾಜಿನ ತೊಟ್ಟಿಯೊಳಗೂ ಇಳಿದು, ಬಣ್ಣ ತಿಳಿಯಾದವುಗಳನ್ನೆಲ್ಲ ಹೆಕ್ಕಿ ಕೋಳಿಗಳ ಮುಂದೆ ಚೆಲ್ಲುತ್ತಿತ್ತು. “ಬಣ್ಣದಾಗ ರಾಜಿ ಇಲ್ಲಲೇ ತಮ್ಮಾ!” ಎಂದು ಪ್ರತಿಸಲವೂ ಮೀಸೆ ತಿರುವಿಕೊಳ್ಳುವರು. ತೊಟ್ಟಿ ಕುಂಕುಮದಂತೆ ಹೊಳೆಯಿತು. ಮರಿ ಮಾತ್ರ ಕಾಣಲಿಲ್ಲ.

ಕೊನೆಗೆ ಮೂರು ಮುದಿ ಸೀಗಡಿಗಳಷ್ಟೇ ಉಳಿದಾಗ ಕಾಕಾ ಗಾಜಿಗೆ ಹಣೆ ಹಚ್ಚಿ ಗೊಣಗಿದರು: “ಇವು ಸತ್ರ ನನ್ನ ತಳೀನ ಮುಗೀತು. ಹಾಳ್ ನೀರು!”

“ಕಾಕಾ, ಈ ಜಾತಿ ಸೀಗಡ್ಯಾಗ ಗಂಡಿನ ಬಣ್ಣ ಹೆಣ್ಣಿಗಿಂತ ಮಂಕ ಇರ್ತೈತ್ರಿ,” ಎಂದೆ. “ಈ ಮೂರರಾಗ ಗಂಡು ಯಾವುದು, ತೋರಸ್ರಿ?”